ಸರ್ವರ್ ಗೆದ್ದರೂ ಲ್ಯಾಪ್‌ಟಾಪ್ ದಕ್ಕಲಿಲ್ಲ: ಫ್ರೀಬಿಎಸ್‌ಡಿ ಮುಂದೆ ಯಾವ ಕಡೆಗೆ?

2025ರ ಡಿಸೆಂಬರ್ 2ರಂದು ಬಿಡುಗಡೆಯಾದ ಫ್ರೀಬಿಎಸ್‌ಡಿ 15.0ರಲ್ಲಿ 32 ಬಿಟ್‌ನ ಹಳೆಯ ಇಂಟೆಲ್ ಕಂಪ್ಯೂಟರ್‌ಗಳಿಗೆ ಜಾಗವಿಲ್ಲ. ಈ ಆಪರೇಟಿಂಗ್ ಸಿಸ್ಟಮ್ ಹುಟ್ಟಿದ್ದೇ ಅಂಥ ಕಂಪ್ಯೂಟರ್‌ಗಳಿಗಾಗಿ. 1992ರಲ್ಲಿ ವಿಲಿಯಂ ಮತ್ತು ಲಿನ್ ಜೋಲಿಟ್ಜ್ ದಂಪತಿ ಬರ್ಕ್ಲಿ ವಿಶ್ವವಿದ್ಯಾಲಯದ ಯುನಿಕ್ಸ್ ಆಪರೇಟಿಂಗ್ ಸಿಸ್ಟಮನ್ನು ಇಂಟೆಲ್ 386 ಚಿಪ್‌ಗೆ ಒಗ್ಗಿಸಿ 386ಬಿಎಸ್‌ಡಿ ಎಂಬ ಹೆಸರಿನಲ್ಲಿ ಹಂಚಿದರು. ಅದಕ್ಕೆ ಬರುತ್ತಿದ್ದ ತಿದ್ದುಪಡಿಗಳನ್ನು ಒಟ್ಟುಮಾಡುತ್ತಿದ್ದ ಕೆಲವರು ಕಾದು ಬೇಸತ್ತು 1993ರಲ್ಲಿ ತಮ್ಮದೇ ದಾರಿ ಹಿಡಿದರು. ಅದೇ ಫ್ರೀಬಿಎಸ್‌ಡಿ. ಈಗ 32 ಬಿಟ್ ಇಂಟೆಲ್ ಯಂತ್ರಗಳ ಕೈಬಿಟ್ಟದ್ದಕ್ಕೆ ದೊಡ್ಡ ಗಲಾಟೆಯೇನೂ ಆಗಲಿಲ್ಲ. ಹಳೆಯ ಯಂತ್ರಗಳನ್ನು ಜೋಪಾನ ಮಾಡುವವರಿಗೆ ಇದೇ ಬಳಗದ ನೆಟ್‌ಬಿಎಸ್‌ಡಿ ಇದೆ. ಗಲಾಟೆ ಇರುವುದು ಬೇರೆ ಕಡೆ. ಈ ವ್ಯವಸ್ಥೆ ಯಾರಿಗಾಗಿ ಇರಬೇಕು, ಡೇಟಾ ಸೆಂಟರಿನ ಕಂಪನಿಗಳಿಗೋ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತವರಿಗೋ ಎಂಬಲ್ಲಿ.

ಪರಿಚಯವಿಲ್ಲದವರಿಗೆ ಒಂದು ಮಾತು. ಫ್ರೀಬಿಎಸ್‌ಡಿ ಲಿನಕ್ಸ್ ಅಲ್ಲ. ಎರಡೂ ಯುನಿಕ್ಸ್ ಬಳಗದವು, ಬೆಳೆದ ಮನೆ ಬೇರೆ. ಲಿನಕ್ಸ್ ಎಂದರೆ ಕಟ್ಟುನಿಟ್ಟಾಗಿ ಹೇಳುವುದಾದರೆ ಕರ್ನಲ್, ಅಂದರೆ ಯಂತ್ರವನ್ನು ನೇರವಾಗಿ ನಡೆಸುವ ಒಳತಿರುಳು ಮಾತ್ರ. ಉಳಿದದ್ದನ್ನು ಡೆಬಿಯನ್, ಫೆಡೋರಾ, ಉಬುಂಟು ಇವರೆಲ್ಲ ಬೇರೆ ಬೇರೆ ಕಡೆಯಿಂದ ತಂದು ಜೋಡಿಸುತ್ತಾರೆ. ಫ್ರೀಬಿಎಸ್‌ಡಿಯಲ್ಲಿ ಕರ್ನಲ್, ಸಿ ಲೈಬ್ರರಿ, ದಿನಬಳಕೆಯ ಕಮಾಂಡ್‌ಗಳು, ಅವುಗಳ ಕೈಪಿಡಿ ಎಲ್ಲವೂ ಒಂದೇ ಸೋರ್ಸ್ ಭಂಡಾರದಲ್ಲಿ ಒಂದೇ ತಂಡದ ಕಣ್ಣಳತೆಯಲ್ಲಿ ಇರುತ್ತವೆ. ಅದನ್ನು ಬೇಸ್ ಸಿಸ್ಟಮ್ ಎನ್ನುತ್ತಾರೆ. ಫ್ರೀಬಿಎಸ್‌ಡಿ ಬಳಸುವವರಿಗೆ ಅದರ ಮೇಲಿರುವ ಅಭಿಮಾನಕ್ಕೆ ಮುಖ್ಯ ಕಾರಣವೇ ಇದು. ಕಮಾಂಡ್ ಹೇಳುವುದೊಂದು, ಕೈಪಿಡಿ ಹೇಳುವುದಿನ್ನೊಂದು ಎಂಬ ಪಾಡು ಇಲ್ಲಿ ಕಡಿಮೆ.

ಹಾಗಿದ್ದರೆ ಇದು ಲಿನಕ್ಸಿನಷ್ಟು ಹರಡಲಿಲ್ಲವೇಕೆ? ಹಳಬರು ತಟ್ಟನೆ ಹೇಳುವ ಕಾರಣ ಕೋರ್ಟು. 1992ರಲ್ಲಿ ಅಮೆರಿಕದ ದೂರವಾಣಿ ಕಂಪನಿ ಎಟಿ ಆಂಡ್ ಟಿಯ ಯುನಿಕ್ಸ್ ಅಂಗಸಂಸ್ಥೆ ಬರ್ಕ್ಲಿಯ ಬಿಎಸ್‌ಡಿ ಕೋಡಿನ ಮೇಲೆ ಹಕ್ಕು ಸಾಧಿಸಿ ದಾವೆ ಹೂಡಿತು. ರಾಜಿಯಾದದ್ದು 1994ರಲ್ಲಿ. ಫ್ರೀಬಿಎಸ್‌ಡಿ ತನ್ನ ಹಳೆಯ ಬುನಾದಿಯನ್ನು ತೆಗೆದು, ತಕರಾರಿನ ಕೋಡಿಲ್ಲದ 4.4ಬಿಎಸ್‌ಡಿ-ಲೈಟ್ ಮೇಲೆ ಮತ್ತೆ ಕಟ್ಟಿಕೊಂಡು 2.0 ಬಿಡುವಷ್ಟರಲ್ಲಿ ಲಿನಸ್ ಟೊರ್ವಾಲ್ಡ್ಸ್ ಅವರ ಕರ್ನಲ್ ಎಲ್ಲ ಕಡೆ ಕಾಲೂರಿತ್ತು. ಈ ವಿವರಣೆ ಸುಳ್ಳಲ್ಲ. ಆದರೆ ಮೂವತ್ತು ವರ್ಷಗಳ ನಂತರವೂ ಅದನ್ನೇ ಹೇಳುತ್ತಾ ಕೂತರೆ ಕೇಳುವವರಿಗೆ ಬೇಸರ ಬರುತ್ತದೆ.

ಇನ್ನೊಂದು ಸಂಗತಿ, ಫ್ರೀಬಿಎಸ್‌ಡಿ ಬಡವಾಗಿಲ್ಲ, ಕಣ್ಣಿಗೆ ಬೀಳುವುದಿಲ್ಲ ಅಷ್ಟೆ. ನೆಟ್‌ಫ್ಲಿಕ್ಸ್‌ನಲ್ಲಿ ನೀವು ಸಿನಿಮಾ ನೋಡುವಾಗ ವಿಡಿಯೊ ಬರುವುದು ಇಂಟರ್‌ನೆಟ್ ಕಂಪನಿಗಳ ಬಳಿ ಇಟ್ಟಿರುವ ಓಪನ್ ಕನೆಕ್ಟ್ ಎಂಬ ಪೆಟ್ಟಿಗೆಗಳಿಂದ. ಅವುಗಳ ಒಳಗಿರುವುದು ಫ್ರೀಬಿಎಸ್‌ಡಿ. ಒಂದೇ ಸರ್ವರಿನಿಂದ ಸೆಕೆಂಡಿಗೆ 400 ಗಿಗಾಬಿಟ್ ವಿಡಿಯೊ ಹೊರಡಿಸುವುದು ಹೇಗೆಂದು ಅಲ್ಲಿನ ಎಂಜಿನಿಯರ್‌ಗಳು 2021ರಲ್ಲಿ ವಿವರಿಸಿದರು. ಮರುವರ್ಷ ಅದನ್ನು 800ಕ್ಕೆ ಒಯ್ದರು. ಪ್ಲೇಸ್ಟೇಷನ್ 4ರ ಒಳಗಿರುವ ವ್ಯವಸ್ಥೆ ಫ್ರೀಬಿಎಸ್‌ಡಿ 9ರಿಂದ ಬಂದದ್ದು. ಆಪಲ್‌ನ ಮ್ಯಾಕ್‌ನಲ್ಲಿ ಫ್ರೀಬಿಎಸ್‌ಡಿಯ ಕೋಡು ಧಾರಾಳವಾಗಿದೆ. ಜುನಿಪರ್ ರೂಟರ್‌ಗಳ ಜುನೋಸ್, ನೆಟ್‌ಆ್ಯಪ್ ಸ್ಟೋರೇಜಿನ ಆನ್‌ಟ್ಯಾಪ್, ನೆಟ್‌ಸ್ಕೇಲರ್ ಇವೆಲ್ಲವೂ ಇದೇ ಕುಟುಂಬ. ಈ ಉತ್ಪನ್ನಗಳ ಕಂಪನಿಗಳಿಗೆ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕೇಂದ್ರಗಳಿವೆ. ವೈಟ್‌ಫೀಲ್ಡ್ ಕಡೆ ಫ್ರೀಬಿಎಸ್‌ಡಿ ಕರ್ನಲ್ ತಿದ್ದಿ ಸಂಬಳ ಪಡೆಯುವವರು ಇದ್ದಾರೆ. ಅವರ ಮನೆಯವರಿಗೆ ಕೇಳಿದರೆ ಆ ಹೆಸರೇ ಗೊತ್ತಿರುವುದಿಲ್ಲ.

ಹಾಗಾಗಿ ಈಗಿನ ಚರ್ಚೆಯನ್ನು "ಫ್ರೀಬಿಎಸ್‌ಡಿ ಉಳಿಯುತ್ತದೋ ಇಲ್ಲವೋ" ಎಂದು ಓದುವುದು ನನಗೆ ಸರಿ ಕಾಣುವುದಿಲ್ಲ. ಬಳಕೆಗೆ ಕೊರತೆಯಿಲ್ಲ. ಅದನ್ನು ಬರೆಯುವವರ ಮುಂದಿನ ತಲೆಮಾರು ಎಲ್ಲಿಂದ ಬರಬೇಕು ಎಂಬುದು ಪ್ರಶ್ನೆ. ಕಾಲೇಜಿನ ಹುಡುಗರು ತಮ್ಮ ಲ್ಯಾಪ್‌ಟಾಪಿನಲ್ಲಿ ಹಾಕಿ ಆಡಲಾಗದ ಆಪರೇಟಿಂಗ್ ಸಿಸ್ಟಮ್‌ಗೆ ಹತ್ತು ವರ್ಷದ ನಂತರ ಕರ್ನಲ್ ಡೆವಲಪರ್ ಹುಟ್ಟುವುದು ಕಷ್ಟ. ಲಿನಕ್ಸ್ ಬೆಳೆದದ್ದೇ ಹಾಸ್ಟೆಲ್ ಕೋಣೆಗಳ ಕಂಪ್ಯೂಟರಿನಿಂದ ಆಫೀಸಿನ ಸರ್ವರಿಗೆ ನಡೆದು.

ವೈಫೈ ಎಂಬ ತಲೆನೋವು

ಲ್ಯಾಪ್‌ಟಾಪಿನ ಪಾಡು ಎಷ್ಟಿತ್ತು ಎಂಬುದಕ್ಕೆ ವೈಫೈ ಒಂದನ್ನು ನೋಡಿದರೆ ಸಾಕು. ಈಚಿನ ಇಂಟೆಲ್ ವೈಫೈ ಚಿಪ್‌ಗಳಿಗೆ ಹೊಸ ಡ್ರೈವರ್ (ಯಂತ್ರದ ಭಾಗವನ್ನು ಕರ್ನಲ್ ನಡೆಸಲು ಬೇಕಾದ ಕೋಡು) ಬಂದದ್ದು 2022ರ 13.1 ಆವೃತ್ತಿಯಲ್ಲಿ. ಬಂತು ನಿಜ, ಆದರೆ ಇಪ್ಪತ್ತು ವರ್ಷ ಹಿಂದಿನ ವೈಫೈ ಮಾನದಂಡಗಳ ವೇಗಕ್ಕೇ ನಿಂತುಬಿಟ್ಟಿತು. ಮನೆಗೆ 300 ಎಂಬಿಪಿಎಸ್ ಫೈಬರ್ ಹಾಕಿಸಿಕೊಂಡವರಿಗೆ ಕೈಗೆ ಸಿಕ್ಕುತ್ತಿದ್ದುದು ಅದರ ಚೂರುಪಾರು. ಈ ಕಷ್ಟಕ್ಕೆ ಜನ ಕಂಡುಕೊಂಡ ಉಪಾಯವೇ ವೈಫೈಬಾಕ್ಸ್: ಫ್ರೀಬಿಎಸ್‌ಡಿಯ ಒಳಗೆ ಬಿಹೈವ್ ಎಂಬ ಸಾಧನದಿಂದ ವರ್ಚುವಲ್ ಮಷಿನ್ (ಕಂಪ್ಯೂಟರಿನೊಳಗೊಂದು ಕಾಲ್ಪನಿಕ ಕಂಪ್ಯೂಟರ್) ತೆರೆದು, ಅದರಲ್ಲಿ ಪುಟ್ಟದೊಂದು ಆಲ್ಪೈನ್ ಲಿನಕ್ಸ್ ಓಡಿಸಿ, ವೈಫೈ ಕಾರ್ಡನ್ನು ನೇರವಾಗಿ ಆ ಲಿನಕ್ಸಿಗೇ ಒಪ್ಪಿಸುವುದು. ಫ್ರೀಬಿಎಸ್‌ಡಿ ತನ್ನದೇ ಹೊಟ್ಟೆಯೊಳಗಿನ ಲಿನಕ್ಸಿನ ಮೂಲಕ ಇಂಟರ್‌ನೆಟ್ಟಿಗೆ ಹೋಗುತ್ತದೆ! ಜಾಣತನಕ್ಕೆ ಭೇಷ್ ಎನ್ನಬೇಕು. ಆದರೆ ವೈಫೈಗಾಗಿ ಇಷ್ಟೆಲ್ಲ ಮಾಡಬೇಕು ಎಂದರೆ ಹೊಸಬರು ಮುಗುಳ್ನಕ್ಕು ಉಬುಂಟು ಹಾಕಿಕೊಳ್ಳುತ್ತಾರೆ.

ಪರದೆಯದ್ದೂ ಇಂಥದ್ದೇ ಕಥೆ. ಇಂಟೆಲ್ ಮತ್ತು ಎಎಂಡಿ ಗ್ರಾಫಿಕ್ಸ್ ಡ್ರೈವರ್‌ಗಳನ್ನು ಲಿನಕ್ಸಿನಿಂದ ತಂದು, ಲಿನಕ್ಸ್‌ಕೆಪಿಐ ಎಂಬ ಹೊಂದಾಣಿಕೆ ಪದರದ ಮೇಲೆ ಓಡಿಸುತ್ತಾರೆ. ಈ ಡ್ರೈವರ್‌ಗಳು ಬೇಸ್ ಸಿಸ್ಟಮ್‌ನಲ್ಲಿಲ್ಲ, ಪ್ಯಾಕೇಜ್ ಆಗಿ ಬರುತ್ತವೆ. ಪ್ಯಾಕೇಜ್‌ಗಳನ್ನು ಕಟ್ಟುತ್ತಿದ್ದುದು ಬೆಂಬಲದಲ್ಲಿರುವ ಹಿಂದಿನ ಚಿಕ್ಕ ಆವೃತ್ತಿಯ ಮೇಲೆ. ಹೀಗಾಗಿ 14.0ಕ್ಕೆ ಕಟ್ಟಿದ ಡ್ರೈವರ್ ಹಾಕಿಕೊಂಡವರು ಆಸೆಯಿಂದ 14.1ಕ್ಕೆ ಅಪ್‌ಗ್ರೇಡ್ ಮಾಡಿದರೆ ರೀಬೂಟ್ ಆದಮೇಲೆ ಡೆಸ್ಕ್‌ಟಾಪ್ ಬರದೆ ಕಪ್ಪು ಪರದೆಯಲ್ಲಿ ಅಕ್ಷರಗಳು ಮಾತ್ರ ಬರುವ ಸಾಧ್ಯತೆ ಇತ್ತು. ಹಳೆಯ ಆವೃತ್ತಿಯ ಬೆಂಬಲ ಮುಗಿಯುವ ತನಕ, ಅಂದರೆ ಸುಮಾರು ಮೂರು ತಿಂಗಳು, ಡ್ರೈವರನ್ನು ಮೂಲ ಕೋಡಿನಿಂದ ತಾವೇ ಕಂಪೈಲ್ ಮಾಡಿಕೊಳ್ಳಬೇಕಿತ್ತು. ಕರ್ನಲ್ ಮಾಡ್ಯೂಲ್‌ಗಳಿಗೆ ಪ್ರತ್ಯೇಕ ಪ್ಯಾಕೇಜ್ ಭಂಡಾರ ತೆರೆದು ಇದನ್ನು ಸರಿಪಡಿಸಿದ್ದು 14.2ರಿಂದ ಈಚೆಗೆ. ತಾಂತ್ರಿಕವಾಗಿ ಅಂಥ ಮಹಾ ಕೆಲಸವಲ್ಲ ಅದು. ಇಷ್ಟು ದಿನ ಯಾರೂ ಮಾಡದೆ ಉಳಿದದ್ದಕ್ಕೆ ಕಾರಣ ಸರಳ: ಸರ್ವರ್‌ಗೆ ಪರದೆ ಬೇಡ.

2024ರಲ್ಲಿ ಫ್ರೀಬಿಎಸ್‌ಡಿ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆ, ಕ್ವಾಂಟಮ್ ಲೀಪ್ ರಿಸರ್ಚ್ ಎಂಬ ಸಂಸ್ಥೆಯ ಜೊತೆಗೂಡಿ, ಲ್ಯಾಪ್‌ಟಾಪ್ ಕೆಲಸಕ್ಕೆಂದೇ 7,50,000 ಡಾಲರ್ ತೆಗೆದಿಟ್ಟಿತು. ಫಲ ಕಾಣಿಸುತ್ತಿದೆ. 2025ರ ಜೂನ್‌ನ 14.3ರಲ್ಲಿ ಇಂಟೆಲ್ ಡ್ರೈವರಿಗೆ 802.11ಎಸಿ ಎಂಬ ವೈಫೈ ಮಾನದಂಡದ ವೇಗ ಬಂತು. ಹೊಸ ಲ್ಯಾಪ್‌ಟಾಪ್‌ಗಳು ಹಳೆಯ ಎಸ್3 ನಿದ್ರೆಯನ್ನು ಬಿಟ್ಟು ಎಸ್0ಐಎಕ್ಸ್ ಎಂಬ ಬೇರೆ ಬಗೆಯ ನಿದ್ರೆಗೆ ಹೋಗಿರುವುದರಿಂದ, ಮುಚ್ಚಳ ಮುಚ್ಚಿದರೆ ಬ್ಯಾಟರಿ ಉಳಿಯಬೇಕಾದರೆ ಕರ್ನಲ್‌ನಲ್ಲೇ ಹೊಸ ಕೆಲಸವಾಗಬೇಕು, ಅದೂ ನಡೆಯುತ್ತಿದೆ. ಇನ್‌ಸ್ಟಾಲ್ ಮಾಡುವಾಗಲೇ ಕೆಡಿಇ ಡೆಸ್ಕ್‌ಟಾಪನ್ನು ಆರಿಸಿಕೊಳ್ಳುವ ಅವಕಾಶ 15.0ಕ್ಕೇ ಬರಬೇಕಿತ್ತು, ಆಗಲಿಲ್ಲ, 15.1ಕ್ಕೆ ಮುಂದೂಡಿದರು. ಕೆಡಿಇಯೇ ಏಕೆ ಎಂದರೆ, ಗ್ನೋಮ್ ಎಂಬ ಇನ್ನೊಂದು ಡೆಸ್ಕ್‌ಟಾಪ್ ದಿನೇ ದಿನೇ, ಲಿನಕ್ಸಿನಲ್ಲಿ ಸೇವೆಗಳನ್ನು ಶುರುಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿಯ ಮೇಲೆ ಹೆಚ್ಚು ಆತುಕೊಳ್ಳುತ್ತಿದೆ. 2025ರಲ್ಲಿ ಅದನ್ನು ಬಹಿರಂಗವಾಗಿಯೇ ಹೇಳಿಕೊಂಡಿತು. ಸಿಸ್ಟಮ್‌ಡಿ ಇಲ್ಲದ ಊರಿನಲ್ಲಿ ಗ್ನೋಮ್ ಸಾಕುವುದು ಇನ್ನು ದುಬಾರಿ.

ಇದಕ್ಕೆ ಎದುರು ನಿಂತವರ ವಾದವೂ ತೂಕದ್ದೇ. ಇರುವ ಕೈಗಳೇ ಕಡಿಮೆ. ಅವನ್ನು ಟಚ್‌ಪ್ಯಾಡು, ಬ್ಲೂಟೂತ್, ಹೆಡ್‌ಫೋನು ಎಂದು ಹಂಚಿಬಿಟ್ಟರೆ ನಿಜವಾಗಿ ಬಲವಿರುವ ನೆಟ್‌ವರ್ಕಿಂಗ್ ಮತ್ತು ಸ್ಟೋರೇಜ್ ಸೊರಗುವುದಿಲ್ಲವೇ? ಡ್ರೈವರ್‌ಗಳನ್ನೆಲ್ಲ ಲಿನಕ್ಸಿನಿಂದಲೇ ತರುವುದಾದರೆ ನೇರವಾಗಿ ಲಿನಕ್ಸನ್ನೇ ಬಳಸಬಾರದೇಕೆ? ಎರಡನೆಯ ಪ್ರಶ್ನೆಗೆ ಈಗಾಗಲೇ ಉತ್ತರ ಸಿಕ್ಕಿದೆ ಎಂದು ನನ್ನ ಅನಿಸಿಕೆ. ಸೋಲಾರಿಸ್‌ನಿಂದ ಬಂದ ಜೆಡ್ಎಫ್‌ಎಸ್ ಫೈಲ್ ಸಿಸ್ಟಮ್ ಫ್ರೀಬಿಎಸ್‌ಡಿಯ ದೊಡ್ಡ ಹೆಮ್ಮೆ, 2008ರ 7.0ರಿಂದಲೂ ಅಲ್ಲಿದೆ. ಆದರೆ ಅದರ ಹೊಸ ಕೆಲಸವೆಲ್ಲ ಲಿನಕ್ಸ್ ಕಡೆ ನಡೆಯುತ್ತಿದೆ ಎಂದು ಗೊತ್ತಾದಾಗ ಹಟ ಹಿಡಿಯದೆ, ಲಿನಕ್ಸ್ ತಂಡದ ಕೋಡನ್ನೇ ಬುನಾದಿ ಮಾಡಿಕೊಂಡು 2021ರ 13.0ಕ್ಕೆ ಓಪನ್‌ಜೆಡ್ಎಫ್‌ಎಸ್ ತಂದರು. ಅದರಿಂದ ಫ್ರೀಬಿಎಸ್‌ಡಿ ಲಿನಕ್ಸ್ ಆಗಲಿಲ್ಲ. ಅದರ ಗುರುತು ಇರುವುದು ಡ್ರೈವರ್‌ಗಳಲ್ಲಲ್ಲ.

ಮೊದಲನೆಯ ಪ್ರಶ್ನೆ ಅಷ್ಟು ಸುಲಭವಲ್ಲ. ಫ್ರೀಬಿಎಸ್‌ಡಿಯನ್ನು ಈಚೆಗೆ ಬಿಟ್ಟುಹೋದವರು ಲ್ಯಾಪ್‌ಟಾಪಿನ ಕಾರಣಕ್ಕೆ ಹೋದವರಲ್ಲ. ಮನೆ, ಆಫೀಸುಗಳ ಸ್ಟೋರೇಜ್ ಸರ್ವರಿಗೆ ಹೆಸರಾದ ಟ್ರೂನ್ಯಾಸ್ ವರ್ಷಗಟ್ಟಲೆ ಫ್ರೀಬಿಎಸ್‌ಡಿ ಮೇಲೆ ನಿಂತಿತ್ತು. ಈಗ ಅದರ ಮುಖ್ಯ ಹಾದಿ ಲಿನಕ್ಸ್. ವಾಟ್ಸ್‌ಆ್ಯಪ್ ಬೆಳೆದದ್ದು ಫ್ರೀಬಿಎಸ್‌ಡಿ ಮೇಲೆ. 2012ರಲ್ಲೇ ಒಂದು ಸರ್ವರಿನಲ್ಲಿ 20 ಲಕ್ಷ ಸಂಪರ್ಕಗಳನ್ನು ನಿಭಾಯಿಸಿ ತೋರಿಸಿತ್ತು. ಸಹಸಂಸ್ಥಾಪಕ ಯಾನ್ ಕೌಮ್ 2014ರಲ್ಲಿ ಫೌಂಡೇಶನ್ನಿಗೆ 10 ಲಕ್ಷ ಡಾಲರ್ ದಾನ ಕೊಟ್ಟರು. ಫೇಸ್‌ಬುಕ್ ಕೊಂಡಮೇಲೆ ಅದೂ ಲಿನಕ್ಸಿಗೆ ಹೋಯಿತು. ಜುನಿಪರ್‌ನ ಹೊಸ ಜುನೋಸ್ ಇವಾಲ್ವ್ಡ್ ಓಡುವುದು ಲಿನಕ್ಸ್ ಕರ್ನಲ್ ಮೇಲೆ. ಒಬ್ಬೊಬ್ಬರ ಕಾರಣ ಬೇರೆಯಾದರೂ ಎಳೆ ಒಂದೇ: ಸಿಗುವ ಎಂಜಿನಿಯರ್‌ಗಳಿಗೆ ಗೊತ್ತಿರುವುದು ಲಿನಕ್ಸ್, ಬರುವ ಹಾರ್ಡ್‌ವೇರ್‌ಗೆ ಮೊದಲು ಸಿಗುವುದು ಲಿನಕ್ಸ್ ಡ್ರೈವರ್, ಗ್ರಾಹಕರು ಕೇಳುವುದು ಡಾಕರ್ ಕಂಟೇನರ್ (ತಂತ್ರಾಂಶವನ್ನು ಅದಕ್ಕೆ ಬೇಕಾದದ್ದರ ಜೊತೆ ಪೊಟ್ಟಣ ಕಟ್ಟಿ ಪ್ರತ್ಯೇಕವಾಗಿ ಓಡಿಸುವ ವಿಧಾನ).

ಕಂಟೇನರ್ ವಿಷಯದಲ್ಲಂತೂ ಹೊಟ್ಟೆ ಉರಿಯುತ್ತದೆ. ಒಂದೇ ಕರ್ನಲ್ ಮೇಲೆ ಪ್ರತ್ಯೇಕ ಕೋಣೆಗಳನ್ನು ಕಟ್ಟುವ ಜೈಲ್ ವ್ಯವಸ್ಥೆ ಫ್ರೀಬಿಎಸ್‌ಡಿ 4.0ರಲ್ಲಿ, 2000ರಲ್ಲೇ ಬಂದಿತ್ತು. ಡಾಕರ್ ಬಂದದ್ದು 2013ರಲ್ಲಿ. ಹದಿಮೂರು ವರ್ಷ ಮುಂಚೆಯೇ ಕೈಯಲ್ಲಿದ್ದದ್ದನ್ನು, ಇಮೇಜ್ ಕಟ್ಟಿ, ಹಂಚಿ, ಒಂದು ಕಮಾಂಡಿನಲ್ಲಿ ಇಳಿಸಿಕೊಳ್ಳುವ ಅನುಕೂಲವಾಗಿ ಮಾಡಿದ್ದು ಬೇರೆಯವರು. ಫ್ರೀಬಿಎಸ್‌ಡಿಯ ಅಧಿಕೃತ ಕಂಟೇನರ್ ಇಮೇಜ್‌ಗಳು ಹೊರಬಂದದ್ದು 2024ರ ಡಿಸೆಂಬರ್‌ನಲ್ಲಿ, 14.2ರ ಜೊತೆ. ತಂತ್ರಜ್ಞಾನದಲ್ಲಿ ಮುಂದಿದ್ದೂ ಬಳಕೆಯಲ್ಲಿ ಹಿಂದುಳಿಯುವುದು ಈ ಬಳಗದ ಹಳೆಯ ಚಾಳಿ.

ಬೇಸ್ ಸಿಸ್ಟಮ್ ಬಿಡಿಸಬಹುದೇ?

ಗುರುತಿನ ಪ್ರಶ್ನೆ ನಿಜವಾಗಿ ಕಾವೇರಿದ್ದು ಪಿಕೆಜಿಬೇಸ್ ವಿಚಾರದಲ್ಲಿ. ಇಲ್ಲಿಯವರೆಗೆ ಬೇಸ್ ಸಿಸ್ಟಮ್ ಇಡಿಯಾಗಿ ಕೆಲವೇ ದೊಡ್ಡ ಗಂಟುಗಳಾಗಿ ಬರುತ್ತಿತ್ತು. ಅದನ್ನು ನವೀಕರಿಸಲು ಫ್ರೀಬಿಎಸ್‌ಡಿ-ಅಪ್‌ಡೇಟ್ ಎಂಬ ಬೇರೆಯೇ ಸಾಧನ. ಫೈರ್‌ಫಾಕ್ಸ್, ಎಂಜಿನ್‌ಎಕ್ಸ್‌ನಂಥ ಹೊರಗಿನ ತಂತ್ರಾಂಶಕ್ಕೆ ಪಿಕೆಜಿ. ಎರಡರ ನಡುವೆ ಗೋಡೆ. ಹೊರಗಿನದೆಲ್ಲ ಲೋಕಲ್ ಎಂಬ ಡೈರೆಕ್ಟರಿಯ ಕೆಳಗೇ ಇರಬೇಕು. ಏನೋ ಕೆಟ್ಟುಹೋಯಿತು ಎಂದರೆ ಪಿಕೆಜಿಗೆ ಎಲ್ಲವನ್ನೂ ಅಳಿಸು ಎಂದು ಹೇಳಿದರೆ ಸಾಕು, ಹೊಸದಾಗಿ ಹಾಕಿದಂಥ ಶುದ್ಧ ಬೇಸ್ ಸಿಸ್ಟಮ್ ಉಳಿಯುತ್ತಿತ್ತು. ಹಳಬರ ಬೆರಳಿಗೆ ಈ ಅಭ್ಯಾಸ ಅಂಟಿಬಿಟ್ಟಿದೆ.

ಪಿಕೆಜಿಬೇಸ್ ಆ ಗೋಡೆಯನ್ನು ತೆಗೆಯುತ್ತದೆ. ಬೇಸ್ ಸಿಸ್ಟಮ್ ಕೂಡ ಪ್ಯಾಕೇಜ್‌ಗಳಾಗಿಯೇ ಬರುತ್ತದೆ. ಎಲ್ಲಕ್ಕೂ ಒಂದೇ ಸಾಧನ. 15.0ರ ಇನ್‌ಸ್ಟಾಲರ್ ಹಳೆಯ ವಿಧಾನವೋ ಹೊಸ ವಿಧಾನವೋ ಎಂದು ಕೇಳುತ್ತದೆ, 16ರಲ್ಲಿ ಹಳೆಯದು ಇರಬಾರದೆಂಬುದು ಉದ್ದೇಶ. ಈಗ ಅದೇ ಹಳೆಯ ಅಭ್ಯಾಸದಲ್ಲಿ, ಒತ್ತಾಯದ ಸೂಚನೆಯನ್ನೂ ಸೇರಿಸಿ, ಎಲ್ಲವನ್ನೂ ಅಳಿಸು ಎಂದರೆ? ಕರ್ನಲ್, ಲೈಬ್ರರಿ ಸಮೇತ ಎಲ್ಲ ಹೋಗಿಬಿಡುತ್ತದಲ್ಲ ಎಂದು 2025ರಲ್ಲಿ ದೊಡ್ಡ ಜಟಾಪಟಿಯೇ ನಡೆಯಿತು. ಹೇಳಿದ್ದನ್ನು ಮಾಡುವುದು ಸಾಧನದ ಧರ್ಮ ಎಂದರು ಕೆಲವರು. ವರ್ಷಗಟ್ಟಲೆ ಒಂದು ಅರ್ಥ ಕೊಟ್ಟ ಆಜ್ಞೆಗೆ ರಾತ್ರೋರಾತ್ರಿ ಬೇರೆ ಅರ್ಥ ಕೊಡುವುದು ಮೋಸ ಎಂದರು ಇನ್ನು ಕೆಲವರು. ಇದರಲ್ಲಿ ನಾನು ಎರಡನೆಯವರ ಕಡೆ. ರಾತ್ರಿ ಎರಡು ಗಂಟೆಗೆ ಸರ್ವರ್ ಸರಿಮಾಡುತ್ತಿರುವವರು ಕೈಪಿಡಿಯ ಹೊಸ ಪುಟ ಓದಿಕೊಂಡು ಟೈಪ್ ಮಾಡುವುದಿಲ್ಲ, ಬೆರಳು ಹೋದ ಹಾಗೆ ಮಾಡುತ್ತಾರೆ.

ಆದರೂ ಪಿಕೆಜಿಬೇಸ್ ಬರುವುದು ಒಳ್ಳೆಯದೇ. ಹಳೆಯ ಸಾಧನದಲ್ಲಿ ಆವೃತ್ತಿ ಬದಲಿಸಿದವರಿಗೆ ಅದರ ಸುಖ ಗೊತ್ತು: ನಿಧಾನವಾಗಿ ಸಾವಿರಾರು ಚೂರುಗಳನ್ನು ಇಳಿಸಿಕೊಂಡು, ಕೊನೆಗೆ ಸೆಟ್ಟಿಂಗ್ ಕಡತಗಳನ್ನು ಒಂದೊಂದಾಗಿ ವಿಐ ಎಡಿಟರಿನಲ್ಲಿ ತೆರೆದು "ಇಲ್ಲಿ ತಾಳೆಯಾಗುತ್ತಿಲ್ಲ, ನೀವೇ ಸರಿಮಾಡಿ" ಎನ್ನುತ್ತಿತ್ತು. ಏನು ವ್ಯತ್ಯಾಸ ಎಂದು ನೋಡಿದರೆ ಎಷ್ಟೋ ಸಲ ಮೇಲಿನ ಆವೃತ್ತಿ ಸಂಖ್ಯೆಯ ಸಾಲೊಂದೇ. 2020ರ ಕೊನೆಗೆ ಕೋಡಿನ ಬದಲಾವಣೆಗಳ ದಾಖಲೆ ಇಡುವ ಕೆಲಸ ಸಬ್‌ವರ್ಶನ್‌ನಿಂದ ಗಿಟ್‌ಗೆ ಹೋದಮೇಲೆ ಆ ಸಾಲುಗಳು ಕ್ರಮೇಣ ಮಾಯವಾದವು. ಗೋಡೆ ಇರಬೇಕಾದದ್ದು ಯಾವ ಕಮಾಂಡ್ ಬಳಸುತ್ತೇವೆ ಎಂಬುದರಲ್ಲಲ್ಲ. ಬೇಸ್ ಎಂದರೆ ಯಾವುದು, ಅದರ ಹೊಣೆ ಯಾರದು ಎಂಬುದರಲ್ಲಿ. ಆ ಹೊಣೆ ಈಗಲೂ ಒಂದೇ ತಂಡದ್ದು.

ರಸ್ಟ್ ಭಾಷೆಯ ಚರ್ಚೆಯೂ ಸುತ್ತಿಬಳಸಿ ಇಲ್ಲಿಗೇ ಬರುತ್ತದೆ. ಬೇಸ್ ಸಿಸ್ಟಮ್‌ನಲ್ಲಿ ರಸ್ಟ್‌ಗೆ ಅವಕಾಶ ಕೊಡಬೇಕೆಂಬ ಪ್ರಸ್ತಾಪ 2024ರ ಆರಂಭದಲ್ಲಿ ಬಂತು. ಸಿ ಭಾಷೆಯಲ್ಲಿ ಮೆಮೊರಿ ತಪ್ಪುಗಳಿಂದ ಹುಟ್ಟುವ ಭದ್ರತಾ ಲೋಪಗಳು ರಸ್ಟ್‌ನಲ್ಲಿ ಬಹುಪಾಲು ಕಂಪೈಲರ್ ಹಂತದಲ್ಲೇ ಸಿಕ್ಕಿಬೀಳುತ್ತವೆ, ಹೊಸ ಹುಡುಗರಿಗೆ ಆ ಭಾಷೆಯ ಮೇಲೆ ಒಲವಿದೆ. ಆಕ್ಷೇಪ ಇರುವುದು ಬೇರೆ ಕಡೆ. ಬೇಸ್ ಸಿಸ್ಟಮ್ ತನ್ನನ್ನು ತಾನೇ ಕಟ್ಟಿಕೊಳ್ಳಬೇಕು ಎಂಬುದು ಇಲ್ಲಿನ ನಿಯಮ. ಅದಕ್ಕೆ ಬೇಕಾದ ಕಂಪೈಲರ್ ಕೂಡ ಒಳಗೇ ಇರಬೇಕು. ಈಗಾಗಲೇ ಇಡೀ ವ್ಯವಸ್ಥೆಯನ್ನು ಕಂಪೈಲ್ ಮಾಡುವ ಸಮಯದಲ್ಲಿ ಹೆಚ್ಚಿನ ಪಾಲನ್ನು ಕ್ಲ್ಯಾಂಗ್ ಕಂಪೈಲರ್ ಇರುವ ಎಲ್‌ಎಲ್‌ವಿಎಂ ಒಂದೇ ನುಂಗುತ್ತದೆ. ಅದರ ಮೇಲೆ ರಸ್ಟ್ ಕಂಪೈಲರನ್ನೂ ಹೇರುವುದೇ? ಹಿಂದೆ ಪರ್ಲ್ ಭಾಷೆ ಬೇಸ್‌ನೊಳಗಿತ್ತು. ಹೊರಗಿನ ಪರ್ಲ್ ಬೆಳೆದ ವೇಗಕ್ಕೆ ಒಳಗಿನದನ್ನು ಹೊಂದಿಸಿ ಸುಸ್ತಾಗಿ 5.0 ಬರುವಷ್ಟರಲ್ಲಿ ಅದನ್ನು ಹೊರಹಾಕಿದರು. ಅಲ್ಲಿಯವರೆಗಿನ ಕಂಪೈಲರ್ ಜಿಸಿಸಿಯ ಲೈಸೆನ್ಸ್, ಇವರಿಗೆ ಒಗ್ಗದ ಜಿಪಿಎಲ್ 3ಕ್ಕೆ ಬದಲಾದಾಗ ಹಳೆಯ 4.2.1ಕ್ಕೇ ಅಂಟಿಕೊಂಡು ವರ್ಷಗಟ್ಟಲೆ ಕಾದು, 2014ರ 10.0ರಲ್ಲಿ ಕ್ಲ್ಯಾಂಗ್‌ಗೆ ಬಂದದ್ದೂ ನೆನಪಿದೆ. ಆ ಹಳೆಯ ಜಿಸಿಸಿಯನ್ನು ಪೂರ್ತಿ ತೆಗೆದಾಗ ಸ್ಪಾರ್ಕ್64 ಯಂತ್ರಗಳೂ ಜೊತೆಗೆ ಹೊರನಡೆದವು. ಕಂಪೈಲರ್ ಆರಿಸುವುದೆಂದರೆ ಯಾವ ಯಂತ್ರ ಉಳಿಯಬೇಕು ಎಂದು ಆರಿಸಿದ ಹಾಗೆ. ಹೊರಗೆ ಪ್ಯಾಕೇಜ್ ರೂಪದಲ್ಲಿ ರಸ್ಟ್ ಸಾಧನಗಳನ್ನು ಬರೆದು ತೋರಿಸಿ ಎಂಬ ಎಚ್ಚರಿಕೆಯ ನಿಲುವಿನಲ್ಲಿ ತಪ್ಪೇನೂ ಕಾಣುವುದಿಲ್ಲ.

ಇದನ್ನೆಲ್ಲ ತೀರ್ಮಾನಿಸುವವರು ಯಾರು ಎಂದರೆ, ಟೊರ್ವಾಲ್ಡ್ಸ್ ಅವರಂಥ ಒಬ್ಬ ಯಜಮಾನ ಇಲ್ಲಿಲ್ಲ. ಕೋಡ್ ಸೇರಿಸುವ ಹಕ್ಕಿರುವವರು ಎರಡು ವರ್ಷಕ್ಕೊಮ್ಮೆ ಒಂಬತ್ತು ಮಂದಿಯ ಕೋರ್ ಟೀಮ್ ಆರಿಸುತ್ತಾರೆ. ಅದು ಜಗಳ ಬಿಡಿಸುತ್ತದೆ; ಹಿಂಗೇ ಮಾಡಿ ಎಂದು ದುಡಿಸಿಕೊಳ್ಳುವ ಅಧಿಕಾರ ಅದಕ್ಕಿಲ್ಲ. ಒಪ್ಪಿಗೆಯಾಗದವರು ಬೇರೆ ಮನೆ ಹೂಡಿದ್ದೂ ಇದೆ: ಒಂದಕ್ಕಿಂತ ಹೆಚ್ಚು ಪ್ರೊಸೆಸರ್‌ಗಳನ್ನು ನಿಭಾಯಿಸುವ ಬಗೆಯಲ್ಲಿ ಭಿನ್ನಮತ ಬಂದು 2003ರಲ್ಲಿ ಮ್ಯಾಥ್ಯೂ ಡಿಲನ್ ಡ್ರ್ಯಾಗನ್‌ಫ್ಲೈ ಬಿಎಸ್‌ಡಿ ಕಟ್ಟಿದರು. ಸಾಮಾನ್ಯವಾಗಿ ಯಾರು ಕೆಲಸ ಮಾಡುತ್ತಾರೋ ಅವರು ಹೇಳಿದ್ದೇ ನಡೆಯುತ್ತದೆ. ಆ ಕೆಲಸಕ್ಕೆ ಸಂಬಳ ಯಾರಿಂದ ಬರುತ್ತದೆ ಎಂಬುದು ಅದರ ಹಿಂದಿರುವ ಮಾತು.

ಬಿಎಸ್‌ಡಿ ಲೈಸೆನ್ಸ್ ಕೋಡನ್ನು ಯಾರಿಗಾದರೂ ಕೊಡುತ್ತದೆ, ತಿದ್ದಿದ್ದನ್ನು ವಾಪಸ್ ಕೊಡಿ ಎಂದು ಕೇಳುವುದಿಲ್ಲ. ಆದರೂ ನೆಟ್‌ಫ್ಲಿಕ್ಸ್ ವಾಪಸ್ ಕೊಡುತ್ತದೆ. ಔದಾರ್ಯಕ್ಕಿಂತ ಲೆಕ್ಕಾಚಾರ ಅದಕ್ಕೆ ಕಾರಣ. ಅವರು ಸರ್ವರ್‌ಗಳನ್ನು ಅಭಿವೃದ್ಧಿಯ ಮುಖ್ಯ ಶಾಖೆಗೆ ಹತ್ತಿರವಾಗಿಯೇ ಓಡಿಸುತ್ತಾರೆ; ತಮ್ಮ ಬದಲಾವಣೆಗಳನ್ನು ಪ್ರತ್ಯೇಕವಾಗಿ ಹೊತ್ತುಕೊಂಡು ಪ್ರತಿ ಸಲವೂ ಹೊಂದಿಸುವುದಕ್ಕಿಂತ ಮೂಲಕ್ಕೇ ಸೇರಿಸುವುದು ಅಗ್ಗ. ಕರ್ನಲ್‌ನೊಳಗೇ ಟಿಎಲ್‌ಎಸ್ ಎನ್‌ಕ್ರಿಪ್ಷನ್ ಮಾಡುವ ಸೌಲಭ್ಯ ಎಲ್ಲರಿಗೂ ಸಿಕ್ಕಿದ್ದು ಹಾಗೆ. ಒಂದು ಆವೃತ್ತಿಗೆ ಗಟ್ಟಿಯಾಗಿ ನಿಂತು ವರ್ಷಗಟ್ಟಲೆ ಮಾರಾಟವಾಗುವ ಗೇಮ್ ಕನ್ಸೋಲಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಕಂಪನಿಯ ದುಡ್ಡಿನಿಂದ ಬರುವುದೆಲ್ಲ ಚೊಕ್ಕವಾಗಿಯೂ ಇರುವುದಿಲ್ಲ. 2021ರಲ್ಲಿ, ಕಂಪನಿಯೊಂದು ಹಣ ಕೊಟ್ಟು ಬರೆಸಿದ ವೈರ್‌ಗಾರ್ಡ್ ವಿಪಿಎನ್ ಕೋಡು 13.0 ಬಿಡುಗಡೆಗೆ ಸ್ವಲ್ಪವೇ ಮುಂಚೆ ತೀರಾ ಕಳಪೆ ಎಂದು ಗೊತ್ತಾಯಿತು. ವೈರ್‌ಗಾರ್ಡ್‌ನ ಮೂಲ ಕರ್ತೃ ಜೇಸನ್ ಡೊನೆನ್‌ಫೆಲ್ಡ್ ಇನ್ನಿಬ್ಬರ ಜೊತೆ ಕೂತು ಒಂದು ವಾರದಲ್ಲಿ ಅದನ್ನು ಮತ್ತೆ ಬರೆದರು. ಕೊನೆಗೆ 13.0ರಿಂದ ತೆಗೆದೇ ಹಾಕಿದರು. ಅದು ಬೇಸ್‌ಗೆ ಮರಳಿ ಬಂದದ್ದು 2023ರ 13.2ರಲ್ಲಿ. ಕೋಡನ್ನು ಒಳಗೆ ಬಿಡುವ ಮುನ್ನ ಪರಿಶೀಲಿಸುವ ಕಣ್ಣುಗಳು ಎಷ್ಟು ಕಡಿಮೆ ಎಂದು ಆಗ ಎಲ್ಲರಿಗೂ ಕಾಣಿಸಿತು.

ಹೀಗಾಗಿ ಈಚಿನ ವರ್ಷಗಳಲ್ಲಿ ನನಗೆ ಹೆಚ್ಚು ಭರವಸೆ ಕೊಟ್ಟ ಸುದ್ದಿ ಜರ್ಮನಿಯದ್ದು. ಅಲ್ಲಿನ ಸರ್ಕಾರದ ದುಡ್ಡಿನಿಂದ ನಡೆಯುವ ಸಾವರಿನ್ ಟೆಕ್ ಫಂಡ್ 2024ರಲ್ಲಿ ಫ್ರೀಬಿಎಸ್‌ಡಿಗೆ 6,86,400 ಯೂರೊ ಕೊಟ್ಟಿತು. ಅದು ಹೊಸ ಸೌಲಭ್ಯಕ್ಕಲ್ಲ, ಕೋಡ್ ಕಟ್ಟುವ, ಪರೀಕ್ಷಿಸುವ, ಭದ್ರತೆ ಕಾಯುವ ಒಳಗಿನ ಕೆಲಸಗಳಿಗೆ. ಯಾವ ಕಂಪನಿಯೂ ತನಗಾಗಿ ಮಾಡಿಸಿಕೊಳ್ಳದ ಕೆಲಸಗಳಿವು. 15.0ರ ಕಡತಗಳನ್ನು ಯಾರು ಬೇಕಾದರೂ ಕಟ್ಟಿ, ಅಧಿಕೃತವಾದವುಗಳ ಜೊತೆ ಬಿಟ್‌ಗೆ ಬಿಟ್ ತಾಳೆ ನೋಡುವಂತೆ ಆಗಿರುವುದು ಇಂಥ ಕೆಲಸದ ಒಂದು ಫಲ.

16.0 ಬರಬೇಕಿರುವುದು 2027ರ ಡಿಸೆಂಬರ್‌ನಲ್ಲಿ. ಕೊನೆಯ 32 ಬಿಟ್ ವೇದಿಕೆಯಾಗಿ ಉಳಿದಿರುವ ಆರ್ಮ್‌ವಿ7 ಅಷ್ಟರಲ್ಲಿ ಹೋಗುವುದು ಬಹುತೇಕ ಖಚಿತ. ಪಿಕೆಜಿಬೇಸ್ ಕೂಡ ಅಷ್ಟರಲ್ಲಿ ಎಲ್ಲರಿಗೂ ರೂಢಿಯಾಗಿರುತ್ತದೆ. ಲ್ಯಾಪ್‌ಟಾಪಿನ ಮಾತು ಹಾಗಲ್ಲ. ವೈಫೈ ಮಾನದಂಡ ಬದಲಾಗುತ್ತಲೇ ಇರುತ್ತದೆ, ಚಿಪ್ ಹೊಸದು ಬರುತ್ತಲೇ ಇರುತ್ತದೆ, 7,50,000 ಡಾಲರ್ ಒಂದು ಸಲದ ದುಡ್ಡು. ಅದು ಖರ್ಚಾದಮೇಲೆ ಆ ಡ್ರೈವರ್‌ಗಳನ್ನು ನೋಡಿಕೊಳ್ಳುವವರು ಯಾರೆಂದು ಫೌಂಡೇಶನ್ ಇನ್ನೂ ಹುಡುಕಬೇಕಿದೆ. ನೆಟ್‌ಫ್ಲಿಕ್ಸಿನ ಪೆಟ್ಟಿಗೆಗಂತೂ ವೈಫೈ ಬೇಡ.